ಏಳನೇ ಬಾವಿಯ ಐದು ಮೆಟ್ಟಿಲು

ಅವಳಿಗೆ ಟೇಪಮ್ಮ ಅಂತ ಹೆಸರಿಟ್ಟವರು ಯಾರೋ ಗೊತ್ತಿಲ್ಲ, ಆದರೆ ಇಟ್ಟವರು ಯೋಚಿಸಿಯೇ ಇಟ್ಟಿದ್ದಾರೆ. ಐವತ್ತಾರು ವರ್ಷದ ಹೆಂಗಸು. ಹೆಗಲಿಗೊಂದು ಚೀಲ. ಚೀಲದಲ್ಲಿ ಮೂವತ್ತು ಮೀಟರಿನ ಉಕ್ಕಿನ ಟೇಪು, ಒರೆಸುವ ಬಟ್ಟೆ, ನೋಟ್‌ಬುಕ್ಕು, ಒಂದು ತುಂಡು ಸೀಮೆಸುಣ್ಣ. ತಿಂಗಳ ಐದನೇ ತಾರೀಕು ಬಂತೆಂದರೆ ಬಿಸಿಲಿರಲಿ, ಮಳೆಯಿರಲಿ, ಮನೆಗೆ ನೆಂಟರು ಬಂದು ಕೂತಿರಲಿ, ಅವಳು ಎದ್ದು ಹೊರಟಳೇ. ಹದಿನಾಲ್ಕು ಬಾವಿಗಳಲ್ಲಿ ನೀರು ಎಷ್ಟು ಕೆಳಗಿದೆ ಅಂತ ಅಳೆದು, ನೀರಿನ ಆಫೀಸಿಗೆ ಬರೆದುಕೊಡುವುದು ಅವಳ ಕೆಲಸ. ಇಪ್ಪತ್ತನಾಲ್ಕು ವರ್ಷದಿಂದ ಇದೊಂದೇ ಕೆಲಸ.

ಬಾವಿ ಅಂದ ಕೂಡಲೇ ಕಟ್ಟೆ, ರಾಟೆ, ಹಗ್ಗ ಅಂತ ಕಲ್ಪಿಸಿಕೊಳ್ಳಬೇಡಿ. ನೆಲದಿಂದ ಮೊಣಕಾಲೆತ್ತರಕ್ಕೆ ಎದ್ದು ನಿಂತ ಒಂದು ಕಬ್ಬಿಣದ ಪೈಪು, ಅದಕ್ಕೊಂದು ಮುಚ್ಚಳ, ಅಷ್ಟೇ. ಒಂದು ಶಾಲೆಯ ಹಿಂದೆ, ಒಂದು ಗ್ಯಾರೇಜಿನ ಪಕ್ಕ, ಒಂದು ಪಾರ್ಕಿನ ಬೇಲಿಯೊಳಗೆ. ದಿನಾ ಅದರ ಪಕ್ಕದಲ್ಲೇ ಓಡಾಡುವವರಿಗೂ ಅದು ಏನು ಅಂತ ಗೊತ್ತಿರುವುದಿಲ್ಲ. ಅದರಿಂದ ಯಾರೂ ನೀರು ಎತ್ತುವುದಿಲ್ಲ. ಅದು ಇರುವುದು ಅಳೆಯುವುದಕ್ಕೆ ಮಾತ್ರ.

ಅಳೆಯುವ ರೀತಿಯೂ ಸುಲಭ, ಆದರೆ ಕೈ ಪಳಗಿರಬೇಕು. ಟೇಪಿನ ತುದಿಗೆ ಒಂದು ಮೀಟರಿನಷ್ಟು ಸೀಮೆಸುಣ್ಣ ಬಳಿಯಬೇಕು. ನಿಧಾನವಾಗಿ ಪೈಪಿನೊಳಗೆ ಇಳಿಬಿಡಬೇಕು. ಪೈಪಿನ ಬಾಯಿಯ ಅಂಚಿನಲ್ಲಿ ಒಂದು ಗುರುತು ಇರುತ್ತದೆ. ಆ ಗುರುತಿಗೆ ಒಂಬತ್ತು ಮೀಟರೋ ಹತ್ತು ಮೀಟರೋ, ಒಂದು ಪೂರ್ತಿ ಅಂಕಿ ಸರಿಯಾಗಿ ಬರುವ ಹಾಗೆ ಹಿಡಿದು, ಮೇಲಕ್ಕೆಳೆದು ನೋಡಿದರೆ ಸುಣ್ಣ ಎಲ್ಲಿಯವರೆಗೆ ನೆನೆದಿದೆ ಅಂತ ಕಾಣುತ್ತದೆ. ಒಂಬತ್ತು ಮೀಟರಿನಲ್ಲಿ ಐವತ್ತೆಂಟು ಸೆಂಟಿಮೀಟರ್ ನೆನೆದಿದ್ದರೆ, ನೀರು ಇರುವುದು ಎಂಟು ಮೀಟರ್ ನಲವತ್ತೆರಡು ಸೆಂಟಿಮೀಟರ್ ಕೆಳಗೆ. ಮುಗಿಯಿತು.

ಆ ಸೀಮೆಸುಣ್ಣ ಅವಳ ಗಂಡನದು. ಗಂಡ ಟೈಲರು. ಮನೆಯ ಮುಂದಿನ ಕೋಣೆಯೇ ಅಂಗಡಿ, ಕೊರಳಲ್ಲಿ ಸದಾ ಬಟ್ಟೆಯ ಟೇಪು. ಒಂದೇ ಮನೆಯಲ್ಲಿ ಎರಡು ಟೇಪು ಇದ್ದರೆ ಸಂಸಾರ ಹೇಗಿರುತ್ತದೆ ಅಂತ ನೀವೇ ಊಹಿಸಿಕೊಳ್ಳಿ.

"ನಾನು ಅಳತೆ ತಗೊಂಡವರು ಎಂಟು ದಿನಕ್ಕೆ ತಿರುಗಿ ಬಂದು ಬೈತಾರೆ ಕಣೇ," ಅಂತ ಅವನು ರೇಗಿಸುತ್ತಿದ್ದ. "ನಿನ್ನ ಅದೃಷ್ಟ ನೋಡು. ನಿನ್ನ ನೀರು ಯಾವತ್ತಾದ್ರೂ ಮೇಲೆ ಬಂದು ಬೈದಿದ್ಯಾ?"

"ನಾನು ಅಳೆಯೋದು ಸರಿಯಾಗಿರುತ್ತೆ, ಅದಕ್ಕೆ ಬೈಯಲ್ಲ," ಅನ್ನುತ್ತಿದ್ದಳು ಇವಳು.

ಅವಳಿಗೆ ಆ ಜಂಭ ಇತ್ತು. ಇರಲಿ ಬಿಡಿ. ಇಪ್ಪತ್ತನಾಲ್ಕು ವರ್ಷ, ತಿಂಗಳಿಗೆ ಹದಿನಾಲ್ಕು ಬಾವಿ, ಒಂದೇ ಒಂದು ಖಾಲಿ ಚೌಕ ಇಲ್ಲದ ದಾಖಲೆ ಪುಸ್ತಕ ಅಂದರೆ ಸಾಮಾನ್ಯವೇ? ಆಫೀಸಿನಲ್ಲಿ ಇಂಜಿನಿಯರುಗಳು ಬಂದರು, ಹೋದರು, ಕುರ್ಚಿ ಬದಲಾದವು, ಕಂಪ್ಯೂಟರ್ ಬಂತು. ಟೇಪಮ್ಮನ ಪುಸ್ತಕ ಮಾತ್ರ ಹಾಗೇ ನಡೆಯಿತು. ಈಗಿನ ಹೊಸ ಇಂಜಿನಿಯರ್, ಮೂವತ್ತು ದಾಟಿರದ ಹುಡುಗ, ಮೊದಲನೇ ದಿನವೇ ಆ ಪುಸ್ತಕಗಳ ಸಾಲು ನೋಡಿ ಬಾಯಿ ಬಿಟ್ಟಿದ್ದ. "ಅಮ್ಮಾ, ಇಂಥಾ ದಾಖಲೆ ಬೇರೆ ಎಲ್ಲೂ ಇಲ್ಲ. ಒಂದು ತಿಂಗಳೂ ತಪ್ಪಿಲ್ಲ, ಒಂದೇ ಕೈಬರಹ!" ಅಂದಿದ್ದ. ಅವತ್ತು ಅವಳು ಮನೆಗೆ ಬಂದು ಎರಡು ಲೋಟ ಟೀ ಹೆಚ್ಚಾಗಿ ಕುಡಿದಳು.

ನೆಲದ ಕೆಳಗೆ ಏನಿದೆ ಅಂತ ಕೇಳಿದವರಿಗೆಲ್ಲ ಅವಳು ಒಂದು ಆಟ ತೋರಿಸುತ್ತಿದ್ದಳು. ಜನಕ್ಕೆ ಕೆಳಗೊಂದು ದೊಡ್ಡ ಕೆರೆಯೋ, ಕತ್ತಲೆಯಲ್ಲಿ ಹರಿಯುವ ನದಿಯೋ ಇದೆ ಅಂತ ಭಾವನೆ. ಅವಳು ಒಂದು ಬಕೆಟ್ ತುಂಬ ದಪ್ಪ ಮರಳು ತುಂಬಿಸಿ ಮುಂದಿಡುವಳು. "ತುಂಬಿದೆಯಾ?" "ತುಂಬಿದೆ." "ಇನ್ನೇನಾದ್ರೂ ಹಿಡಿಯುತ್ತಾ?" "ಎಲ್ಲಿ ಹಿಡಿಯುತ್ತೆ?" ಆಗ ಒಂದು ಮಗ್ಗು ನೀರು ಹುಯ್ಯುವಳು, ಇನ್ನೊಂದು, ಮೂರನೆಯದು. ಒಂದು ಹನಿಯೂ ಹೊರಗೆ ಚೆಲ್ಲುತ್ತಿರಲಿಲ್ಲ. ನೀರು ಇರುವುದು ಮರಳ ಕಾಳು ಕಾಳಿನ ಸಂದಿಯಲ್ಲಿ. ಆಮೇಲೆ ಮಧ್ಯದಲ್ಲಿ ಮುಷ್ಟಿಯಿಂದ ಗುಂಡಿ ಮಾಡಿದರೆ ನಾಲ್ಕು ಕಡೆಯಿಂದ ನೀರು ಜಿನುಗಿ ಬಂದು ಗುಂಡಿಯಲ್ಲಿ ನಿಲ್ಲುತ್ತದೆ. ಗುಂಡಿಯಿಂದ ಮೊಗೆದರೆ ಮತ್ತೆ ಬರುತ್ತದೆ, ಆದರೆ ಬಕೆಟ್ಟಿನಲ್ಲಿ ಎಲ್ಲ ಕಡೆಯೂ ಒಂದೊಂದು ಚೂರು ಇಳಿಯುತ್ತದೆ. "ಅಷ್ಟೇ. ನೀವು ನಿಮ್ಮ ಪಂಪಿಂದ ಎತ್ತೋದು ನಿಮ್ಮ ಮನೆ ಕೆಳಗಿನ ನೀರಲ್ಲ. ಎಲ್ಲರದ್ದೂ," ಅನ್ನುತ್ತಿದ್ದಳು. ಕೇಳಿದವರು ತಲೆಯಾಡಿಸಿ ಹೋಗಿ ಪಂಪು ಹಾಕುತ್ತಿದ್ದರು.

ಈಗ ಏಳನೇ ಬಾವಿಯ ವಿಷಯಕ್ಕೆ ಬರೋಣ. ಅದು ಇದ್ದದ್ದು ಒಂದು ಲಾಂಡ್ರಿಯ ಹಿತ್ತಲಲ್ಲಿ. ಲಾಂಡ್ರಿ ನಡೆಸುತ್ತಿದ್ದವಳು ಬೇರೆ ಯಾರೂ ಅಲ್ಲ, ಟೇಪಮ್ಮನ ಓರಗಿತ್ತಿ, ಟೈಲರಣ್ಣನ ಸ್ವಂತ ಅಣ್ಣನ ಹೆಂಡತಿ. ಇವಳು ಅವಳನ್ನು ಕರೆಯುವುದು ಅಕ್ಕ ಅಂತ. ಅಕ್ಕನ ಗಂಟಲು ಅಂದರೆ ಗಂಟಲು. ಆರು ಜನ ಕೆಲಸದವರು, ಮೂರು ದೊಡ್ಡ ಮೆಷಿನ್ನು, ಎಲ್ಲದರ ಸದ್ದಿನ ಮೇಲೆ ಅವಳ ಸದ್ದು. ಆಸ್ಪತ್ರೆಯ ಹಾಸಿಗೆ ಬಟ್ಟೆ, ಹೋಟೆಲಿನ ಟವೆಲ್ಲು ಎಲ್ಲ ಅಲ್ಲಿಗೇ ಬರುವುದು. ಹಿತ್ತಲಲ್ಲೇ ಲಾಂಡ್ರಿಯ ಸ್ವಂತ ಕೊಳವೆಬಾವಿ, ಅದಕ್ಕೆ ಹತ್ತು ಹೆಜ್ಜೆ ದೂರದಲ್ಲಿ ಆಫೀಸಿನ ಅಳತೆ ಪೈಪು.

ಮೂರು ವಾರದ ಹಿಂದೆ ಲಾಂಡ್ರಿಗೆ ನೋಟೀಸು ಬಂತು. ಹೊಸ ಇಂಜಿನಿಯರ್ ಟೇಪಮ್ಮನ ಇಪ್ಪತ್ತನಾಲ್ಕು ವರ್ಷದ ಅಂಕಿಗಳನ್ನು ಕಂಪ್ಯೂಟರಿಗೆ ಹಾಕಿ ಒಂದು ನಕ್ಷೆ ಮಾಡಿದ್ದ. ಹದಿಮೂರು ಬಾವಿಗಳಲ್ಲಿ ಕಳೆದ ಹನ್ನೊಂದು ವರ್ಷದಲ್ಲಿ ನೀರು ಇಳಿದದ್ದು ಸುಮಾರು ನಲವತ್ತು ಸೆಂಟಿಮೀಟರ್. ಏಳನೆಯದರಲ್ಲಿ ಒಂದು ಮೀಟರ್ ಹತ್ತು! ಅದರಲ್ಲೂ ಎಪ್ಪತ್ತು ಸೆಂಟಿಮೀಟರ್ ಇಳಿದದ್ದು ಒಂದೇ ತಿಂಗಳಲ್ಲಿ, ಹನ್ನೊಂದು ವರ್ಷದ ಹಿಂದೆ ಲಾಂಡ್ರಿಗೆ ಹೊಸ ಮೆಷಿನ್ನುಗಳು ಬಂದ ತಿಂಗಳಲ್ಲಿ. ಇನ್ನೇನು ಬೇಕು? ಕಳ್ಳನ ಕೈಯಲ್ಲೇ ಮಾಲು ಸಿಕ್ಕ ಹಾಗೆ. ನಕ್ಷೆಯಲ್ಲಿ ಲಾಂಡ್ರಿಯ ಸುತ್ತ ಗೆರೆಗಳು ಸುತ್ತಿ ಸುತ್ತಿ ಒಂದು ಕೆಂಪು ಗುಂಡಿ ಆಗಿತ್ತು. ಸೋಮವಾರ ವಿಚಾರಣೆ, ತಕ್ಕ ಉತ್ತರ ಕೊಡದಿದ್ದರೆ ತಿಂಗಳ ಕೊನೆಗೆ ಲಾಂಡ್ರಿಯ ಕೊಳವೆಬಾವಿಗೆ ಸೀಲು. ನೀರಿಲ್ಲದ ಲಾಂಡ್ರಿ ಅಂದರೆ ಬಾಗಿಲು ಹಾಕಿದ ಲಾಂಡ್ರಿ.

ನೋಟೀಸು ಹಿಡಿದುಕೊಂಡು ಅಕ್ಕ ಅವತ್ತೇ ಟೈಲರ್ ಅಂಗಡಿಗೆ ಬಂದಳು. ಬಂದವಳು ಕೂರಲೂ ಇಲ್ಲ.

"ಇದು ನಿನ್ನ ಅಂಕಿನೇನಾ?"

"ನನ್ನದೇ ಅಕ್ಕ."

"ನನ್ನ ಅನ್ನಕ್ಕೆ ಮಣ್ಣು ಹಾಕೋ ಅಂಕಿ."

"ಟೇಪು ಹೇಳಿದ್ದನ್ನ ಬರೆದಿದೀನಿ ಅಕ್ಕ. ಟೇಪಿಗೆ ನೆಂಟರು ಇಷ್ಟರು ಗೊತ್ತಿರಲ್ಲ. ನಾನೇನು ಮಾಡ್ಲಿ?"

ಅಕ್ಕ ಅವಳ ಮುಖವನ್ನೇ ನೋಡುತ್ತ ನಿಂತಳು. ಯಾವಾಗಲೂ ಕಿರುಚುವವಳು ಅವತ್ತು ಮೆಲ್ಲಗೆ ಕೇಳಿದಳು. "ಅಷ್ಟೇನಾ? ಇನ್ನೇನೂ ಹೇಳೋದಿಲ್ವಾ ನೀನು?"

"ಇನ್ನೇನು ಹೇಳ್ಲಿ?"

ಅಕ್ಕ ನೋಟೀಸನ್ನು ನಾಲ್ಕು ಮಡಿಕೆ ಮಾಡಿಕೊಂಡು ಹೊರಟುಹೋದಳು. ಅವತ್ತಿಂದ ಮಾತು ಬಂದ್. ಮೈದುನ ಎದುರಿಗೆ ಸಿಕ್ಕರೆ ಅವನನ್ನು ಮಾತಾಡಿಸುತ್ತಿದ್ದಳು, ಪಕ್ಕದಲ್ಲೇ ನಿಂತ ಇವಳ ಕಡೆ ಕಣ್ಣೆತ್ತಿ ನೋಡುತ್ತಿರಲಿಲ್ಲ.

ಟೇಪಮ್ಮನಿಗೆ ಸಂಕಟವಾಯಿತು, ಸಿಟ್ಟೂ ಬಂತು. ಓರಗಿತ್ತಿ ಅಂತ ಅಂಕಿ ತಿದ್ದಬೇಕಿತ್ತೇ? ಆದರೆ ಸಿಟ್ಟಿನ ಕೆಳಗೆ ಇನ್ನೊಂದು ಮುಳ್ಳು ಚುಚ್ಚುತ್ತಿತ್ತು, ಅದು ನೆಂಟಸ್ತಿಕೆಯದಲ್ಲ, ಮರಳಿನದು. ವಿಚಾರಣೆಗೆ ಮುಂಚಿನ ಬುಧವಾರ ಸಂಜೆ ಅವಳು ಹಿತ್ತಲಲ್ಲಿ ಬಕೆಟ್ ಮುಂದಿಟ್ಟುಕೊಂಡು ಮುಷ್ಟಿಯಿಂದ ಗುಂಡಿ ಮಾಡುತ್ತ ಕೂತಿದ್ದಳು. ಮಾಡಿದಷ್ಟೂ ಸಲ ನೀರು ಬಂದು ತುಂಬಿಕೊಳ್ಳುತ್ತಿತ್ತು.

"ಮಕ್ಕಳ ಹಾಗೆ ಆಡ್ತಾ ಇದೀಯಲ್ಲ, ಏನಾಯ್ತು?" ಅಂತ ಗಂಡ ಬಂದ.

"ರೀ, ಇಲ್ಲಿ ನೋಡಿ. ಲಾಂಡ್ರಿ ಕಡೆ ನೆಲದ ಕೆಳಗೆ ಪೂರ್ತಿ ದಪ್ಪ ಮರಳು. ಅಕ್ಕ ಸಂಜೆ ಆರಕ್ಕೆ ಪಂಪು ನಿಲ್ಲಿಸ್ತಾಳೆ. ಬೆಳಗ್ಗೆ ಆರೂವರೆಗೆ, ಅವಳು ಪಂಪು ಹಾಕೋ ಮುಂಚೆ, ನಾನು ಅಳೀತೀನಿ. ಹನ್ನೆರಡೂವರೆ ಗಂಟೆ ಬಿಡುವು. ಅಷ್ಟರಲ್ಲಿ ಅಕ್ಕಪಕ್ಕದ ನೀರು ಬಂದು ಗುಂಡಿ ತುಂಬಿಬಿಡಬೇಕು. ಹೋಗಲಿ, ತುಂಬಲಿಲ್ಲ ಅಂದ್ಕೊಳ್ಳಿ. ಆರನೇ ಬಾವಿ, ಎಂಟನೇ ಬಾವಿ ಇರೋದು ಲಾಂಡ್ರಿಯಿಂದ ನಲವತ್ತು ಹೆಜ್ಜೆಯಲ್ಲಿ. ಅವೂ ಅರ್ಧ ಆದ್ರೂ ಇಳೀಬೇಕಲ್ವಾ? ಆ ತಿಂಗಳಲ್ಲಿ ಒಂದು ಬೆರಳೂ ಇಳಿದಿಲ್ಲ. ಮರಳಲ್ಲಿ ನೀರು ಗೋಡೆ ಕಟ್ಟಿದ ಹಾಗೆ ನಿಲ್ಲಲ್ಲ ರೀ. ಎಲ್ಲಾದ್ರೂ ತಗ್ಗು ಇದ್ರೆ ಅಲ್ಲಿಗೆ ಓಡುತ್ತೆ."

"ಅಂದ್ರೆ?"

"ಅಂದ್ರೆ ನಂಗೊತ್ತಿಲ್ಲ. ಟೇಪಂತೂ ತಪ್ಪಿಲ್ಲ."

ಟೈಲರಣ್ಣ ಗಡ್ಡ ಕೆರೆದುಕೊಂಡ. "ನಮ್ಮಲ್ಲಿ ಪ್ಯಾಂಟು ಚಿಕ್ಕದಾಯ್ತು ಅಂತ ಬರ್ತಾರಲ್ಲ, ಆಗ ನಾನು ಬಟ್ಟೇನ ಬೈಯಲ್ಲ, ಟೇಪನ್ನೂ ಬೈಯಲ್ಲ. ಬಟ್ಟೆ ಒಂದೇ ದಿನಕ್ಕೆ ನಾಲ್ಕು ಬೆರಳು ಕುಗ್ಗುತ್ತಾ? ಅಳತೆ ಎಲ್ಲಿಂದ ಹಿಡಿದೆ ಅಂತ ಮೊದಲು ನೋಡ್ತೀನಿ. ಸೊಂಟದ ಪಟ್ಟಿ ಮೇಲೆ ಹಿಡಿದ್ನೋ ಕೆಳಗೆ ಹಿಡಿದ್ನೋ, ಎಲ್ಲಾ ಅಲ್ಲೇ ಇರೋದು."

"ಅದೆಲ್ಲ ನಿಮ್ಮ ಪ್ಯಾಂಟಿಗೆ. ಪೈಪಿಗೆ ಸೊಂಟ ಇದ್ಯಾ?" ಅಂತ ಅವಳು ಅವನ ಬಾಯಿ ಮುಚ್ಚಿಸಿದಳು.

ಮಾರನೇ ದಿನ ಗುರುವಾರ, ಐದನೇ ತಾರೀಕು. ಆರೂವರೆಗೆ ಲಾಂಡ್ರಿಗೆ ಹೋದಳು. ಅಕ್ಕ ಬೀಗ ತೆಗೆದು ತುಟಿ ಪಿಟಕ್ಕೆನ್ನದೆ ಒಳಗೆ ಹೋದಳು. ಟೇಪಮ್ಮ ಹಿತ್ತಲಿಗೆ ಇಳಿದು, ಪೈಪಿನ ಮುಚ್ಚಳ ತೆಗೆದು, ಅಳೆದಳು. ಎಂಟು ನಲವತ್ತೆರಡು. ಬರೆದುಕೊಳ್ಳಲು ಎಂದಿನಂತೆ ಹಿತ್ತಲ ಬಾಗಿಲ ಮುಂದಿನ ಮೆಟ್ಟಿಲ ಮೇಲೆ ಕೂತಳು. ಕೂತರೆ ಮೊಣಕಾಲು ಎದೆಗೆ ಬಂತು. ವಯಸ್ಸಾಯ್ತು, ಇಷ್ಟು ತಗ್ಗಿನಲ್ಲಿ ಕೂತರೆ ಏಳುವುದು ಕಷ್ಟ ಅಂತ ಗೊಣಗಿಕೊಂಡಳು.

ಗೊಣಗಿದವಳ ಕೈ ಹಾಗೇ ನಿಂತಿತು. ಒಂದು ಕಾಲದಲ್ಲಿ ಈ ಬಾಗಿಲಲ್ಲಿ ಅವಳು ಕಾಲು ಚಾಚಿಕೊಂಡು ಕೂರುತ್ತಿದ್ದಳು. ಮೇಲಿನ ಮೆಟ್ಟಿಲ ಮೇಲೆ ಕೂತು, ಮೂರನೆಯದರ ಮೇಲೆ ಕಾಲಿಟ್ಟು, ಪಕ್ಕದಲ್ಲಿ ಅಕ್ಕ ಕೊಟ್ಟ ಟೀ ಲೋಟ ಇಟ್ಟುಕೊಂಡು. ಆಗ ಐದು ಮೆಟ್ಟಿಲಿತ್ತು. ಈಗ ಇರುವುದು ಒಂದೇ.

ಮೆಟ್ಟಿಲು ನಡೆದುಕೊಂಡು ಹೋಗಿಲ್ಲ. ನೆಲ ಮೇಲೆ ಬಂದಿದೆ. ಹೊಸ ಮೆಷಿನ್ನು ತರುವಾಗ ಹಿತ್ತಲಿನ ತಗ್ಗಿಗೆ ಮಣ್ಣು ತುಂಬಿಸಿ ಸಿಮೆಂಟು ಹಾಕಿಸಿದ್ದರು. ನಾಲ್ಕು ಮೆಟ್ಟಿಲು ಮುಚ್ಚಿಹೋಗುವಷ್ಟು ತುಂಬಿಸಿದ್ದರು. ಹಾಗಿದ್ದ ಮೇಲೆ ಆಗ ಮೊಣಕಾಲೆತ್ತರ ಇದ್ದ ಪೈಪು ಈಗ ಹೂತುಹೋಗಿರಬೇಕಿತ್ತು. ಅದು ಇನ್ನೂ ಮೊಣಕಾಲೆತ್ತರವೇ ಇದೆ! ಅವಳು ಎದ್ದು ಹೋಗಿ ಪೈಪಿನ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಅಂಚಿನ ಗುರುತು ನೋಡಿದಳು. ಉಳಿದ ಹದಿಮೂರು ಬಾವಿಗಳ ಗುರುತು ಆಫೀಸಿನ ಕೆಂಪು ಬಣ್ಣದ್ದು. ಇದು ನೇರಳೆ. ಬಟ್ಟೆಗೆ ಗುರುತು ಹಾಕುವ ಲಾಂಡ್ರಿಯ ಮಸಿ. ಹನ್ನೊಂದು ವರ್ಷದಿಂದ ತಿಂಗಳು ತಿಂಗಳು ನೋಡುತ್ತಿದ್ದಳು, ಬಣ್ಣ ಮಾಸಿದ್ದಕ್ಕೆ ಅಕ್ಕ ಹೊಸದಾಗಿ ಹಚ್ಚಿದ್ದಾಳೆ ಅಂದುಕೊಂಡು ಸುಮ್ಮನಿದ್ದಳು. ಟೇಪು ಹಿಡಿದು ಉಳಿದ ಒಂದು ಮೆಟ್ಟಿಲ ಎತ್ತರ ಅಳೆದಳು. ಹದಿನೇಳೂವರೆ ಸೆಂಟಿಮೀಟರ್. ನಾಲ್ಕರಿಂದ ಗುಣಿಸಿದರೆ ಎಪ್ಪತ್ತು.

ನೀರು ಇಳಿದಿರಲಿಲ್ಲ. ಪೈಪು ಏರಿತ್ತು.

ಮನೆಗೆ ಹೇಗೆ ಬಂದಳೋ ಅವಳಿಗೇ ಗೊತ್ತಿಲ್ಲ. ಉಳಿದ ಬಾವಿಗಳನ್ನೆಲ್ಲ ಅಳೆದೇ ಬಂದಳು ಅನ್ನಿ, ಆ ಅಭ್ಯಾಸ ಸಾಯುವ ತನಕ ಬಿಡುವುದಿಲ್ಲ. ಬಂದವಳೇ ಬೀರು ತೆಗೆದು ಹನ್ನೊಂದು ವರ್ಷದ ಹಿಂದಿನ ಕಚ್ಚಾ ನೋಟ್‌ಬುಕ್ಕು ಹುಡುಕಿದಳು. ಅದರ ಹಿಂಬದಿಯ ರಟ್ಟಿನ ಜೇಬಿನಲ್ಲಿ ನಾಲ್ಕು ಕಟ್ಟು ಲಾಂಡ್ರಿ ಚೀಟಿಗಳಿದ್ದವು. ಮುಂಬದಿಯಲ್ಲಿ ತಾರೀಕು, "ಬೆಡ್‌ಶೀಟ್ 40, ದಿಂಬಿನ ಕವರ್ 32". ಹಿಂಬದಿಯಲ್ಲಿ ಅಕ್ಕನ ದಪ್ಪ ದಪ್ಪ ಅಕ್ಷರದಲ್ಲಿ ಬಾವಿಗಳ ಅಂಕಿ.

ಇದು ಮನೆಯವರ ಹೊರತು ಯಾರಿಗೂ ಗೊತ್ತಿಲ್ಲದ ಸಂಗತಿ. ಆ ವರ್ಷ ಟೇಪಮ್ಮ ಮಹಡಿ ಮೆಟ್ಟಿಲಿಂದ ಬಿದ್ದು ಕಾಲು ಮುರಿದುಕೊಂಡಿದ್ದಳು. ನಾಲ್ಕು ತಿಂಗಳು ಪ್ಲಾಸ್ಟರು. ಆಫೀಸಿಗೆ ತಿಳಿಸಿದರೆ ಬೇರೆಯವರನ್ನು ಹಾಕುತ್ತಾರೆ, ಹಾಕಿದವರು ಹೋಗುವುದಿಲ್ಲ, ಹದಿಮೂರು ವರ್ಷದ ಪುಸ್ತಕಕ್ಕೆ ಪರರ ಕೈ ಬೀಳುತ್ತದೆ. ಹಾಸಿಗೆಯಲ್ಲಿ ಮಲಗಿ ಅತ್ತಿದ್ದಳು. ಆಗ ಅಕ್ಕ, "ಅಳಬೇಡ ಮಾರಾಯ್ತಿ, ಟೇಪು ಕೊಡು ಇಲ್ಲಿ. ನೀರೊಳಗೆ ಹಗ್ಗ ಬಿಡೋಕೆ ಓದಿರಬೇಕಾ?" ಅಂದಿದ್ದಳು. ನಾಲ್ಕು ತಿಂಗಳು, ಹದಿನಾಲ್ಕು ಬಾವಿ, ತನ್ನ ಲಾಂಡ್ರಿ ಕೆಲಸ ಬಿಟ್ಟು ಅಕ್ಕ ಅಳೆದಳು. ಟೇಪಮ್ಮ ಮಲಗಿದ್ದಲ್ಲೇ ಅದನ್ನು ತನ್ನ ಕೈಯಲ್ಲಿ ಪಕ್ಕಾ ಪುಸ್ತಕಕ್ಕೆ ಇಳಿಸಿ ಸಹಿ ಹಾಕಿ ಕಳಿಸಿದಳು. ಯಾರಿಗೂ ಹೇಳಬಾರದು ಅಂತ ಅಕ್ಕನಿಂದ ಮಾತು ತಗೊಂಡಿದ್ದಳು.

ಮೂರನೇ ತಿಂಗಳ ಚೀಟಿಯಲ್ಲಿ ಏಳನೇ ಬಾವಿಯ ಅಂಕಿಯ ಕೆಳಗೆ ಬರೆದಿತ್ತು: "ಹಿತ್ತಲು ಎತ್ತರ ಮಾಡಿಸಿದ್ವಿ. ಗಾರೆಯವನು ಪೈಪಿಗೆ ಒಂದು ತುಂಡು ಸೇರಿಸಿದ. 70 ಸೆಂ.ಮೀ. ನಿನ್ನ ಗುರುತು ನಾನೇ ಹಾಕಿದೀನಿ. ಲೆಕ್ಕಕ್ಕೆ ತಗೋ."

ಓದಿದ ಕೂಡಲೇ ನೆನಪಾಯಿತು. ಈ ಸಾಲನ್ನು ಅವಳು ಆಗಲೂ ಓದಿದ್ದಳು. ಪೈಪಿನ ಎತ್ತರ ಬದಲಾದರೆ ಆಫೀಸಿಗೆ ಫಾರಂ ತುಂಬಿ ಕೊಡಬೇಕು, ಕೊಟ್ಟರೆ ಯಾರಾದರೂ ನೋಡಲು ಬರುತ್ತಾರೆ, ಬಂದರೆ ಪ್ಲಾಸ್ಟರಿನ ಕಾಲು ಕಾಣುತ್ತದೆ. ಎದ್ದು ಓಡಾಡುವ ಹಾಗಾದ ಮೇಲೆ ಬರೆದರಾಯಿತು ಅಂತ ಮುಂದಕ್ಕೆ ತಳ್ಳಿದ್ದಳು. ಎದ್ದು ಓಡಾಡುವ ಹಾಗಾದಾಗ ಮರೆತಿದ್ದಳು. ಅಷ್ಟೇ ಅಲ್ಲ, ಮೊದಲ ಸಲ ಕುಂಟಿಕೊಂಡು ಲಾಂಡ್ರಿಗೆ ಹೋದಾಗ, "ಮೆಟ್ಟಿಲು ಮುಚ್ಚಿಸಿದ್ದು ಒಳ್ಳೇದಾಯ್ತು ಅಕ್ಕ, ನನ್ನ ಕಾಲಿಗೆ ಪುಣ್ಯ ಬಂತು," ಅಂತ ನಕ್ಕಿದ್ದಳು!

"ಅಷ್ಟೇನಾ? ಇನ್ನೇನೂ ಹೇಳೋದಿಲ್ವಾ ನೀನು?" ಅಂತ ಅಕ್ಕ ಕೇಳಿದ್ದು ಯಾಕೆ ಅಂತ ಈಗ ಅರ್ಥವಾಯಿತು. ಅವಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಅತ್ತಳು.

ಗಂಡ ಎಲ್ಲ ಕೇಳಿದ. ರೇಗಿಸಲಿಲ್ಲ. "ಪೈಪು ಎತ್ತರ ಆಗಿದೆ, ಈಗ ಗೊತ್ತಾಯ್ತು ಅಂತಷ್ಟೇ ಹೇಳು. ಉಳಿದಿದ್ದೆಲ್ಲ ಯಾಕೆ?" ಅಂದ.

"ಯಾವಾಗ ಆಯ್ತು ಅಂತ ಕೇಳ್ತಾರೆ ರೀ. ಆ ತಿಂಗಳೇ ಎತ್ತರ ಆಗಿದ್ದು ಅಂತ ಏನು ಸಾಕ್ಷಿ, ಓರಗಿತ್ತಿಗೋಸ್ಕರ ನಾಟಕ ಆಡ್ತಿದೀರಾ ಅಂದ್ರೆ? ತಾರೀಕು ಬೇಕು. ತಾರೀಕು ಇರೋದು ಈ ಚೀಟಿಯಲ್ಲಿ ಮಾತ್ರ. ಚೀಟಿ ಅಕ್ಕನ ಕೈಬರಹ."

"ತೋರಿಸಿದ್ರೆ ನಿನ್ನ ಪುಸ್ತಕ ಹೋಗುತ್ತೆ."

"ಹೂಂ."

"ಕೆಲಸಾನೂ ಹೋಗಬಹುದು."

"ಹೂಂ ಅಂದ್ನಲ್ಲ," ಅಂತ ಗದರಿದಳು. ಆಮೇಲೆ ಗದರಿದ್ದಕ್ಕೆ ಮತ್ತೆ ಅತ್ತಳು.

ಶನಿವಾರ ಲಾಂಡ್ರಿಯವರೆಗೆ ಹೋದಳು. ಒಳಗೆ ಅಕ್ಕ ಯಾರಿಗೋ ಇಸ್ತ್ರಿ ಸುಟ್ಟದ್ದಕ್ಕೆ ಬೈಯುತ್ತಿದ್ದ ಸದ್ದು ಕೇಳಿತು. ಗೇಟಿನ ಮೇಲೆ ಕೈಯಿಟ್ಟವಳು ಹಾಗೇ ವಾಪಸ್ಸು ಬಂದಳು. ಯಾವ ಮುಖ ಹೊತ್ತು ಹೋಗುವುದು? ಹೇಳಿದ್ದೂ ಅವಳೇ, ದುಡಿದದ್ದೂ ಅವಳೇ, ಈಗ ನೋಟೀಸೂ ಅವಳಿಗೇ!

ಸೋಮವಾರ ಬೆಳಗ್ಗೆ ಹನ್ನೊಂದಕ್ಕೆ ವಿಚಾರಣೆ. ಉದ್ದ ಮೇಜು, ಒಂದು ಕಡೆ ಇಂಜಿನಿಯರ್, ಎದುರಿಗೆ ಅಕ್ಕ, ಪಕ್ಕದ ಕುರ್ಚಿಯಲ್ಲಿ ಟೇಪಮ್ಮ. ಗೋಡೆಯ ಕಪಾಟಿನಲ್ಲಿ ಇಪ್ಪತ್ತನಾಲ್ಕು ಪುಸ್ತಕಗಳು ಬೆನ್ನು ತೋರಿಸಿಕೊಂಡು ನಿಂತಿದ್ದವು. ಅಕ್ಕ ಇವಳ ಕಡೆ ತಿರುಗಲಿಲ್ಲ. ಬಲಗೈ ಮುಷ್ಟಿ ಹಿಡಿದು ಮಡಿಲಲ್ಲಿಟ್ಟುಕೊಂಡಿದ್ದಳು.

ಇಂಜಿನಿಯರ್ ಗೌರವದಿಂದಲೇ ಶುರು ಮಾಡಿದ. "ಅಮ್ಮಾ, ಇದು ನಿಮ್ಮ ಅಳತೆ. ನೀವು ಒಂದು ಸಲ ಖಚಿತ ಮಾಡಿಬಿಟ್ರೆ ಸಾಕು."

"ಖಚಿತ ಮಾಡೋಕಾಗಲ್ಲ ಸಾರ್. ಏಳನೇದು ತಪ್ಪು."

ಹುಡುಗ ಪೆನ್ನು ಕೆಳಗಿಟ್ಟ. ಅವಳು ಹೇಳಿದಳು. ಮರಳಲ್ಲಿ ಅಂಥ ಗುಂಡಿ ನಿಲ್ಲದು ಅಂತ, ಆ ತಿಂಗಳು ಆರನೆಯದು ಎಂಟನೆಯದು ಅಲ್ಲಾಡಿಲ್ಲ ಅಂತ, ಮೆಟ್ಟಿಲು, ಮಸಿಯ ಗುರುತು, ಎಪ್ಪತ್ತು ಸೆಂಟಿಮೀಟರ್. ಕೊನೆಗೆ ಚೀಟಿ ಮೇಜಿನ ಮೇಲಿಟ್ಟಳು. ಇಂಜಿನಿಯರ್ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ.

"ತಾರೀಕು ಸರಿಯಾಗಿದೆ. ಆದ್ರೆ ಇದು ನಿಮ್ಮ ಅಕ್ಷರ ಅಲ್ವಲ್ಲಮ್ಮಾ. ಇದನ್ನ ಬರೆದಿದ್ದು ಯಾರು?"

ಟೇಪಮ್ಮ ಕಪಾಟಿನ ಕಡೆ ಒಂದು ಸಲ ನೋಡಿದಳು.

"ನಮ್ಮಕ್ಕ. ಇಲ್ಲಿ ಕೂತಿದಾರಲ್ಲ, ಇವರೇ. ನಾನು ಕಾಲು ಮುರ್ಕೊಂಡು ಮಲಗಿದ್ದೆ. ನಾಲ್ಕು ತಿಂಗಳು ಹದಿನಾಲ್ಕೂ ಬಾವಿ ಅಳೆದಿದ್ದು ಇವರು. ನಾನು ನನ್ನ ಕೈಯಲ್ಲಿ ಕಾಪಿ ಮಾಡಿ ನನ್ನ ಸಹಿ ಹಾಕಿದೆ. ಪೈಪಿನ ವಿಷಯ ಇವರು ಬರೆದುಕೊಟ್ಟಿದ್ರು. ಬಚ್ಚಿಟ್ಟಿದ್ದು ನಾನು. ಇವರದೇನೂ ತಪ್ಪಿಲ್ಲ ಸಾರ್."

ಅಕ್ಕ ಮುಷ್ಟಿ ಬಿಚ್ಚಿ ಏನನ್ನೋ ಮೇಜಿನ ಮೇಲೆ ಪಟ್ ಅಂತ ಇಟ್ಟಳು. ಬೆವರಿಗೆ ಒದ್ದೆಯಾಗಿ ಮುದುಡಿದ ಒಂದು ಕಾಗದ. ಗಾರೆಯವನು ಕೊಟ್ಟ ರಸೀದಿ. ಪೈಪು ತುಂಡು ಒಂದು, ಎಪ್ಪತ್ತು ಸೆಂಟಿಮೀಟರ್, ಜೋಡಿಸಿದ್ದು, ಅದೇ ತಿಂಗಳು.

"ತಗೊಳ್ಳಿ, ಇದನ್ನೂ ಇಟ್ಕೊಳ್ಳಿ," ಅಂದಳು.

ಟೇಪಮ್ಮ ರಸೀದಿಯನ್ನೂ ಅಕ್ಕನನ್ನೂ ನೋಡಿದಳು. "ನಿನ್ನ ಹತ್ರ ಇತ್ತಾ? ಇದ್ದೂ ಸುಮ್ನಿದ್ಯಾ?"

"ಮೂರು ವಾರದಿಂದ ಹುಡುಕಿಟ್ಟಿದೀನಿ. ನೀನಾಗೇ ಬರ್ತೀಯ ಅಂತ ಕಾದೆ. ಮಾತು ತಗೊಂಡಿದ್ದೆಯಲ್ಲ, ಯಾರಿಗೂ ಹೇಳಬೇಡ ಅಂತ."

"ನಾನು ಇವತ್ತೂ ಬಾಯಿ ಬಿಡದೇ ಇದ್ದಿದ್ರೆ?"

"ಹೇಳ್ತಿದ್ದೆ ಕಣೇ, ಅಷ್ಟೊಂದು ಒಳ್ಳೆಯವಳಲ್ಲ ನಾನು. ಆರು ಜನರ ಹೊಟ್ಟೆ ಇದೆ ನನ್ನ ಮೇಲೆ," ಅಂದಳು ಅಕ್ಕ. "ಆದ್ರೆ ಹೇಳಿ ಮನೆಗೆ ಹೋಗಿ ಊಟ ಮಾಡ್ತಿರಲಿಲ್ಲ."

ಇಂಜಿನಿಯರ್ ಪಾಪ, ಯಾವ ಕಡೆ ನೋಡಬೇಕು ಅಂತ ತಿಳಿಯದೆ ಕಂಪ್ಯೂಟರಿನ ಕಡೆ ತಿರುಗಿದ. ಏಳನೇ ಬಾವಿಯ ಹನ್ನೊಂದು ವರ್ಷದ ಅಂಕಿಯಿಂದ ಎಪ್ಪತ್ತು ಕಳೆದ. ನಕ್ಷೆಯ ಕೆಂಪು ಗುಂಡಿ ಮಾಯವಾಯಿತು. ಉಳಿದದ್ದು ಹದಿನಾಲ್ಕು ಬಾವಿಗಳಲ್ಲೂ ಸಮನಾಗಿ ನಲವತ್ತು ಸೆಂಟಿಮೀಟರ್ ಇಳಿದ ನೀರು, ಒಬ್ಬರ ಕಡೆ ಬೆರಳು ತೋರಿಸಲಾಗದ ಹಾಗೆ. ಸೀಲು ಹಾಕುವ ಮಾತು ಹೋಯಿತು. ಅದರ ಬದಲು ಆ ಬೀದಿಗಳ ಎಲ್ಲ ಪಂಪುಗಳಿಗೂ ದಿನಕ್ಕೆ ಒಂದು ಗಂಟೆ ಕಡಿತ ಅಂತ ಆಯಿತು. ಅಕ್ಕ ಅದಕ್ಕೂ ಗೊಣಗಿದಳು ಅನ್ನಿ, ಗೊಣಗದಿದ್ದರೆ ಅವಳು ಅಕ್ಕನೇ ಅಲ್ಲ.

ಟೇಪಮ್ಮನ ಕೆಲಸ ಉಳಿಯಿತು. ಪುಸ್ತಕ ಉಳಿಯಲಿಲ್ಲ. "ಮೇಲಿನವರಿಗೆ ಒಂದೇ ಕೈಯ ದಾಖಲೆ ಅಂತ ಬರೆದಿದ್ದೆ. ಅದನ್ನ ವಾಪಸ್ ತಗೋಬೇಕಮ್ಮಾ," ಅಂದ ಇಂಜಿನಿಯರ್. ಬೇಜಾರಾಗಿಯೇ ಅಂದ. "ಆ ನಾಲ್ಕು ತಿಂಗಳಿಗೆ ನಿಮ್ಮ ಸಹಿ ಹೊಡೆದುಹಾಕಿ, ಅಳೆದವರ ಸಹಿ ಹಾಕಿಸಿಕೊಂಡು ಬನ್ನಿ. ಒಂದೊಂದು ಅಳತೆಗೂ ಬೇಕು."

ನಾಲ್ಕು ತಿಂಗಳು, ಹದಿನಾಲ್ಕು ಬಾವಿ. ಐವತ್ತಾರು ಸಹಿ.

ಅವತ್ತು ಮಧ್ಯಾಹ್ನ ಲಾಂಡ್ರಿಯ ಬಟ್ಟೆ ಮಡಚುವ ಮೇಜಿನ ಮೇಲೆ ಪುಸ್ತಕ ಬಿಚ್ಚಿಟ್ಟುಕೊಂಡು ಇಬ್ಬರೂ ಕೂತರು. ಟೇಪಮ್ಮ ಸ್ಕೇಲು ಹಿಡಿದು ತನ್ನ ಸಹಿಯ ಮೇಲೆ ಒಂದೊಂದೇ ಗೆರೆ ಎಳೆದಳು. ಅಕ್ಕ ಪಕ್ಕದಲ್ಲಿ ತನ್ನ ಸಹಿ ಹಾಕುತ್ತ ಹೋದಳು, ಅದೇ ನೇರಳೆ ಮಸಿಯಲ್ಲಿ. ಒಗೆದರೂ ಹೋಗದ ಮಸಿ.

"ಎಷ್ಟಾಯ್ತು?"

"ಹನ್ನೊಂದು."

"ಅಯ್ಯೋ ದೇವರೇ. ಅಳೆಯೋದೇ ಸುಲಭ ಇತ್ತು."

"ಇತ್ತಾ?" ಅಂದಳು ಟೇಪಮ್ಮ. ಅಂದವಳು ಸ್ಕೇಲು ಕೆಳಗಿಟ್ಟಳು. ಹನ್ನೊಂದು ವರ್ಷದಲ್ಲಿ ಇದನ್ನು ತಾನು ಒಂದು ದಿನವೂ ಕೇಳಿರಲಿಲ್ಲ ಅಂತ ಅವಳಿಗೆ ಹೊಳೆಯಿತು. ಗುಟ್ಟು ಹೊರಬೀಳಬಾರದು ಅಂತ ಆ ನಾಲ್ಕು ತಿಂಗಳ ಮಾತನ್ನೇ ಎತ್ತಿರಲಿಲ್ಲ. ಅಂಕಿ ತಗೊಂಡಿದ್ದಳು, ಚೀಟಿ ತಗೊಂಡಿದ್ದಳು, ಅಷ್ಟೇ. "ಅಕ್ಕ, ನೀನು ಅಷ್ಟು ಬಾವಿ ಒಬ್ಬಳೇ ಹೇಗೆ ಸುತ್ತಿದೆ? ನಿಂಗೆ ಒಂಬತ್ತನೇದರ ದಾರಿ ಕೂಡ ಗೊತ್ತಿರಲಿಲ್ಲ."

ಅಕ್ಕ ಪೆನ್ನು ಎತ್ತಿ ಹಿಡಿದು ಅವಳನ್ನು ನೋಡಿದಳು.

"ಈಗ ಕೇಳಿದ್ಯಲ್ಲ," ಅಂದಳು. "ಮೊದಲನೇ ದಿನ ಏನಾಯ್ತು ಗೊತ್ತಾ? ಗ್ಯಾರೇಜಿನ ನಾಯಿ ಇತ್ತಲ್ಲ, ಕರಿದು, ಅದು ನನ್ನ ಅಟ್ಟಿಸಿಕೊಂಡು ಬಂತು. ಟೇಪು ಪೈಪೊಳಗೇ ಬಿಟ್ಟು ಓಡಿದೆ. ಆಮೇಲೆ ನೀನು ಅಳ್ತಾ ಮಲಗಿದ್ದು ನೆನಪಾಯ್ತು, ಒಂದು ಕೋಲು ಹುಡುಕ್ಕೊಂಡು ವಾಪಸ್ ಹೋದೆ."

ಅಕ್ಕನ ಹತ್ತಿರ ಒಂದೊಂದು ಸಹಿಗೂ ಒಂದೊಂದು ಕತೆ ಇತ್ತು. ಹಿಂದೆ ಮೆಷಿನ್ನುಗಳು ತಿರುಗುತ್ತಿದ್ದವು, ಅವಳ ಗಂಟಲು ಅವುಗಳ ಮೇಲೆ ಕೇಳುತ್ತಿತ್ತು. ಟೇಪಮ್ಮ ನಗುತ್ತ, ಕಣ್ಣೊರೆಸಿಕೊಳ್ಳುತ್ತ, ಮುಂದಿನ ಸಾಲಿಗೆ ಸ್ಕೇಲು ಇಟ್ಟಳು. ಇನ್ನೂ ನಲವತ್ತೈದು ಇತ್ತು.